ಉಪ್ಪಾಗೆ: ಹಣ್ಣಾಗಲು ಬಿಡೋಣ



ಮಳೆ ಹಿಡಿಯಿತೆಂದರೆ ಘಟ್ಟದ ಕಾಡುಗಳಲ್ಲಿ ಉಪ್ಪಾಗೆ ಕೊಯ್ಲು ಸುರುವಾಗುತ್ತದೆ. ಮುರುಗಲಿನ ಕುಲಕ್ಕೇ ಸೇರಿದ ಈ ಮರ ನಮ್ಮಲ್ಲಿ ಹಲವರ ಸೊಪ್ಪಿನಬೆಟ್ಟದಲ್ಲೋ, ಕಾಫಿ ತೋಟದಂಚಿನ ಹಳ್ಳದ ಬದಿಯಲ್ಲೋ ತಾನಾಗಿ ಬೆಳೆದು ನಿಂತಿದೆ. ನಾವು ನೆಟ್ಟದ್ದಲ್ಲ, ಗೊಬ್ಬರ ಹಾಕಿದ್ದಲ್ಲ. ಅದಕ್ಕೇ ಇರಬೇಕು, ಅದರ ಕಡೆ ನಮಗೆ ಇಷ್ಟು ಅಲಕ್ಷ್ಯ.

ಹಿರಿಯರ ಕ್ರಮ ಬೇರೆಯಿತ್ತು. ಕೊಡಗಿನಲ್ಲಿ ಹಣ್ಣಾಗಿ ಉದುರಿದ್ದನ್ನು ಆಯ್ದು ಬುಟ್ಟಿಯಲ್ಲಿ ಪೇರಿಸಿ, ಇಳಿದ ರಸವನ್ನು ಕಪ್ಪಗೆ, ಗಟ್ಟಿಯಾಗುವ ತನಕ ಕಾಯಿಸಿ ಕಾಚಂಪುಳಿ ಮಾಡುತ್ತಾರೆ. ಉತ್ತರ ಕನ್ನಡದಲ್ಲಿ ಸಿಪ್ಪೆ ಒಣಗಿಸಿ ಹುಳಿಗಿಟ್ಟುಕೊಂಡು, ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಿದ್ದರು. ಕೇರಳದವರ ಮೀನು ಸಾರಿಗಂತೂ ಇದರ ಒಣಸಿಪ್ಪೆ ಬೇಕೇ ಬೇಕು.

ಪೇಟೆ ಏರಿದ್ದು 1990ರ ದಶಕದಲ್ಲಿ. ಈ ಹುಳಿಯ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲೇ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ್ದರು. ಅದು ಬೊಜ್ಜು ಕರಗಿಸುತ್ತದೆಂಬ ಪ್ರಚಾರದಿಂದ ಪರದೇಶಕ್ಕೆ ಸಿಪ್ಪೆ ಹರಿಯಿತು. 1998ರಲ್ಲಿ ಅಮೆರಿಕದಲ್ಲಿ 135 ಮಂದಿಯ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಮದ್ದಿಲ್ಲದ ಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರ ತೂಕ ಹೆಚ್ಚು ಇಳಿಯಲಿಲ್ಲ. ಇಂಥ ಪೇಟೆಯನ್ನೇ ನಂಬಿ ಕೂರುವುದು ಜಾಣತನವಲ್ಲ. ಅಡುಗೆಮನೆಯ ಗಿರಾಕಿಯೇ ನಂಬಿಕೆಯ ಗಿರಾಕಿ.

ಆದರೆ ಆ ಪೈಪೋಟಿ ಕಲಿಸಿದ ಕೆಟ್ಟ ಚಾಳಿ ಉಳಿದಿದೆ. ಇಂದು ಬಿಟ್ಟ ಕಾಯಿ ನಾಳೆ ಇನ್ನೊಬ್ಬನ ಪಾಲು ಎಂಬ ಭಯದಿಂದ ಎಳೆಗಾಯಿಯನ್ನೇ ಬಡಿಯುತ್ತಾರೆ. ಕೈಗೆಟುಕದಿದ್ದರೆ ಕೊಂಬೆಯನ್ನೇ ಕಡಿಯುತ್ತಾರೆ. ಕಡಿದ ಕೊಂಬೆಯಲ್ಲಿ ಬರುವ ವರ್ಷದ ಫಸಲೂ ಹೋಯಿತು. ಬೀಜ ಬಲಿಯದ್ದರಿಂದ ತುಪ್ಪವೂ ಇಲ್ಲ, ಮರದಡಿಯಲ್ಲಿ ಸಸಿಯೂ ಇಲ್ಲ. ಮಂಗ, ಪುನುಗುಬೆಕ್ಕುಗಳ ಪಾಲೂ ಇಲ್ಲ. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಸುಡುವ ಕಟ್ಟಿಗೆ ಬೇರೆ.

ಕೊಯ್ಯುವವರನ್ನು ದೂರಿ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಕೂಲಿಯಿಲ್ಲದ ಮನೆಗೆ ಅದೇ ಅಕ್ಕಿಯ ದುಡ್ಡು. 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿಗಳಿಗೆ ಕಿರು ಉತ್ಪನ್ನದ ಹಕ್ಕನ್ನೂ ಕೊಟ್ಟಿದೆ. ಕಾಯಿಗೂ ಹಣ್ಣಿಗೂ ಒಂದೇ ದರವಿರುವಾಗ ಯಾರು ತಾನೇ ಕಾಯುತ್ತಾರೆ?

ನಮ್ಮಿಂದ ಆಗುವ ಕೆಲಸಗಳಿವೆ. ನಮ್ಮ ಬೆಟ್ಟದ ಮರಗಳಲ್ಲಿ ಹಣ್ಣಾದ ಮೇಲೆಯೇ ಕೊಯ್ಯಲಿ, ಕೊಂಬೆಗೆ ಕತ್ತಿ ಬೇಡ ಎಂದು ಆಳುಗಳಿಗೆ ಮೊದಲೇ ಹೇಳಿ, ಹಣ್ಣಿಗೆ ಒಂದಿಷ್ಟು ಹೆಚ್ಚು ಕೊಡೋಣ. ಒಣಗಿಸಲು ಹಸಿಮರ ಕಡಿಯದೆ ಅಡಿಕೆ ಬೇಯಿಸುವ ಒಲೆಯ ಬಿಸಿಯನ್ನೋ, ಮನೆಯ ಅಟ್ಟವನ್ನೋ ಬಳಸೋಣ. ಹಳ್ಳದ ಬದಿಗೆ, ಬೇಲಿ ಸಾಲಿಗೆ ನಾಲ್ಕು ಗಿಡ ನೆಡೋಣ. ಉಪ್ಪಾಗೆಯಲ್ಲಿ ಗಂಡು ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿಯಾದರೆ ಹೂ ಬಿಡುವ ತನಕ ಯಾವುದೆಂದು ಗೊತ್ತಾಗದು. ಬೀಜ ಮೊಳೆಯಲಿಕ್ಕೇ ತಿಂಗಳುಗಟ್ಟಲೆ ಬೇಕು. ಆದ್ದರಿಂದ ಒಳ್ಳೆಯ ಹೆಣ್ಣು ಮರದ ಕುಡಿ ತಂದು ಕಟ್ಟಿದ ಕಸಿ ಗಿಡವೇ ಮೇಲು. ಹಾಗೆಂದು ಕಾಯಿ ಬಿಡದ ಮರವನ್ನೆಲ್ಲ ಸೌದೆ ಮಾಡಬೇಡಿ. ಗಂಡು ಮರವಿಲ್ಲದೆ ಹೆಣ್ಣು ಮರಕ್ಕೆ ಫಸಲು ಕಟ್ಟದು.

ಹಣ್ಣಿನ ಸಿಪ್ಪೆಯನ್ನೂ ಕಾಯಿಯ ಸಿಪ್ಪೆಯನ್ನೂ ಬೇರೆ ಬೇರೆ ತೂಗಿ ಬೇರೆ ದರ ಕೊಡುವ ವಿಚಾರವನ್ನು ಬರುವ ಮಹಾಸಭೆಯ ಮುಂದಿಡುತ್ತೇನೆ. ಸದಸ್ಯರು ತಮ್ಮ ತಮ್ಮ ಬೆಟ್ಟದ ಉಪ್ಪಾಗೆ ಮರಗಳನ್ನು ಎಣಿಸಿಕೊಂಡು ಬಂದರೆ ಚರ್ಚೆಗೆ ಅನುಕೂಲ.

— ಕಾರ್ಯದರ್ಶಿ