ಶ್ರೆಡರಿಗೆ ಕಬ್ಬು ಸಮನಾಗಿ ಬೀಳಲಿ

ಕಬ್ಬು ನುರಿಸುವ ಹಂಗಾಮಿನಲ್ಲಿ ಯಂತ್ರ ನಿಂತರೆ ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳ ಸಾಲು ಬೆಳೆಯುತ್ತದೆ. ದಿನಕ್ಕೆ 2500 ಟನ್ ನುರಿಸುವ ಕಾರ್ಖಾನೆ ಒಂದು ಗಂಟೆ ನಿಂತರೆ ಸುಮಾರು 104 ಟನ್, ಅಂದರೆ 10 ಟನ್ನಿನ ಹತ್ತು ಲೋಡು ಕಬ್ಬು ಹಾಗೆಯೇ ಉಳಿಯುತ್ತದೆ. ತೂಕಕ್ಕೆ ಮೊದಲು ಕಾಯುವ ಕಬ್ಬು ಒಣಗಿ ರೈತನಿಗೆ ನಷ್ಟವಾದರೆ, ತೂಕದ ನಂತರ ಕಾಯುವ ಕಬ್ಬಿನಲ್ಲಿ ಸಕ್ಕರೆ ಅಂಶ ಇಳಿದು ಕಾರ್ಖಾನೆಗೆ ನಷ್ಟವಾಗುತ್ತದೆ. ಯಂತ್ರ ನಿಲ್ಲುವ ಕಾರಣಗಳಲ್ಲಿ ಒಂದು, ಶ್ರೆಡರಿಗೆ ಕಬ್ಬು ಸಮನಾಗಿ ಬೀಳದೆ ಕಟ್ಟಿಕೊಳ್ಳುವುದು.

ಶ್ರೆಡರಿನ ಕೆಲಸ

ಕಬ್ಬಿನ ಸಕ್ಕರೆ ಸಣ್ಣ ಸಣ್ಣ ಜೀವಕೋಶಗಳ ರಸದಲ್ಲಿದೆ. ಕೋಶ ಒಡೆಯದೆ ಉರುಳೆಗಳ ನಡುವೆ ಎಷ್ಟೇ ಹಿಂಡಿದರೂ ರಸ ಪೂರ್ತಿ ಹೊರಬರದು. ಆದುದರಿಂದ ಕಬ್ಬನ್ನು ಮೊದಲು ಕತ್ತಿಗಳು ತುಂಡರಿಸುತ್ತವೆ. ಅನಂತರ ಶ್ರೆಡರಿನ ವೇಗವಾಗಿ ತಿರುಗುವ ಸುತ್ತಿಗೆಗಳು ತುಂಡುಗಳನ್ನು ಎದುರಿನ ಉಕ್ಕಿನ ತಟ್ಟೆಗೆ ಬಡಿದು ನಾರು ನಾರಾಗಿ ಬಿಡಿಸುತ್ತವೆ. ಒಳ್ಳೆಯ ಶ್ರೆಡರ್ ನೂರಕ್ಕೆ 85ಕ್ಕಿಂತ ಹೆಚ್ಚು ಕೋಶಗಳನ್ನು ಒಡೆಯಬಲ್ಲದು.

ಕಬ್ಬು ಗುಡ್ಡೆಯಾಗಿ ಬಂದರೆ ಸುತ್ತಿಗೆಗಳ ವೇಗ ಕುಗ್ಗುತ್ತದೆ, ಮೋಟಾರಿನ ಮೇಲೆ ಭಾರ ಬೀಳುತ್ತದೆ, ಕೆಲವು ತುಂಡುಗಳು ಒಡೆಯದೆ ಮುಂದೆ ಸಾಗುತ್ತವೆ. ತೆಳುವಾಗಿ ಬಂದರೆ ವಿದ್ಯುತ್ತು ವ್ಯರ್ಥ. ಮುಂದಿನ ಉರುಳೆಗಳೂ ಅರೆಹೊಟ್ಟೆಯಲ್ಲಿ ತಿರುಗುತ್ತವೆ. ಎರಡೂ ಬಗೆಯಲ್ಲಿ ಸಕ್ಕರೆ ಸಿಪ್ಪೆಯೊಡನೆ ಹೊರಟುಹೋಗುತ್ತದೆ.

ಕಾರ್ಖಾನೆಯಲ್ಲಿ ಆಗಬೇಕಾದುದು

1. ಇಡೀ ಲೋಡನ್ನು ಒಮ್ಮೆಗೇ ಸಾಗಣೆ ಪಟ್ಟಿಗೆ ಸುರಿಯದೆ, ಮೊದಲು ಉಣಿಸುವ ಮೇಜಿನ ಮೇಲೆ ಹಾಕಿ ಸ್ವಲ್ಪ ಸ್ವಲ್ಪವಾಗಿ ಬಿಡಬೇಕು.

2. ಕತ್ತಿಗಳಿಗೆ ಮುಂಚೆ ಕಿಕ್ಕರ್ ಇದ್ದರೆ ಎತ್ತರದ ಗುಡ್ಡೆಗಳು ಹಿಂದಕ್ಕೆ ತಳ್ಳಲ್ಪಟ್ಟು ಕಬ್ಬಿನ ಪದರ ಸಮವಾಗುತ್ತದೆ.

3. ಕತ್ತಿ ಮತ್ತು ಶ್ರೆಡರ್ ಮೋಟಾರುಗಳ ಭಾರ ಹೆಚ್ಚಿದಾಗ ಸಾಗಣೆ ಪಟ್ಟಿ ತಾನಾಗಿಯೇ ನಿಧಾನವಾಗಿ, ಭಾರ ಇಳಿದಾಗ ವೇಗ ಪಡೆಯುವ ನಿಯಂತ್ರಣ ಅಳವಡಿಸಬೇಕು. ಆಗ ಕೆಲಸಗಾರನ ಕಣ್ಣಂದಾಜನ್ನೇ ನಂಬಬೇಕಾಗಿಲ್ಲ.

4. ಶ್ರೆಡರಿನ ಬಾಯಲ್ಲಿ ಉಣಿಸುವ ಉರುಳೆಯಿದ್ದರೆ ಪದರ ಅದುಮಿಕೊಂಡು ಒಂದೇ ವೇಗದಲ್ಲಿ ಒಳಹೋಗುತ್ತದೆ.

5. ಸವೆದ ಸುತ್ತಿಗೆಗಳನ್ನು ಕಾಲಕಾಲಕ್ಕೆ ತಿರುಗಿಸಿ ಇಲ್ಲವೆ ಬದಲಿಸಬೇಕು. ಎದುರುಬದುರಿನ ಸುತ್ತಿಗೆಗಳ ತೂಕ ಒಂದೇ ಇರಬೇಕು. ಇಲ್ಲದಿದ್ದರೆ ಯಂತ್ರ ಅದುರುತ್ತದೆ.

ರೈತರು ಮಾಡಬೇಕಾದುದು

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬರುವ ಕಬ್ಬು ಶುದ್ಧವಾಗಿರಬೇಕು. ರವದಿಯಿಂದ ಪದರ ಉಬ್ಬಿ ಸಾಗಣೆ ಪಟ್ಟಿ ಬೇಗ ತುಂಬಿದಂತೆ ಕಾಣುತ್ತದೆ, ಆದರೆ ರಸ ಬಾರದು. ಮಣ್ಣು ಸುತ್ತಿಗೆಯ ತುದಿಯನ್ನು ಉಜ್ಜಿ ಸವೆಸುತ್ತದೆ. ಅಯಸ್ಕಾಂತ ಕಬ್ಬಿಣದ ಚೂರನ್ನು ಹಿಡಿಯಬಲ್ಲದು, ಕಲ್ಲನ್ನು ಹಿಡಿಯಲಾರದು. ಲೋಡಿನೊಡನೆ ಬಂದ ಒಂದು ಕಲ್ಲು ಸುತ್ತಿಗೆಯನ್ನು ಮುರಿದರೆ ಹಿಂದೆ ನಿಂತ ಎಲ್ಲ ಗಾಡಿಗಳೂ ಕಾಯಬೇಕಾಗುತ್ತದೆ.

ಆದುದರಿಂದ ಕಬ್ಬನ್ನು ನೆಲಮಟ್ಟಕ್ಕೆ ಕಡಿದು, ಬೇರು, ಮಣ್ಣು, ರವದಿ ಹಾಗೂ ಎಳೆಯ ತುದಿ ತೆಗೆಯಬೇಕು. ಕಂತೆಗೆ ತಂತಿ ಕಟ್ಟಬಾರದು. ಲೋಡಿನಲ್ಲಿ ಕಬ್ಬನ್ನು ಒಂದೇ ದಿಕ್ಕಿಗೆ ಜೋಡಿಸಿದರೆ ಮೇಜಿನ ಮೇಲೆ ಬಿಡಿಸುವುದು ಸುಲಭ. ಕಟಾವಾದ 24 ಗಂಟೆಯೊಳಗೆ ಕಬ್ಬು ಕಾರ್ಖಾನೆ ಸೇರುವಂತೆ ಸರದಿ ನೋಡಿಕೊಂಡು ಕಡಿಯಬೇಕು.

ಇಳುವರಿಯೇ ಬೆಲೆ

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಶೇ. 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂ. ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ನಿಗದಿಪಡಿಸಿತು. ಇಳುವರಿ ಅದಕ್ಕಿಂತ ಶೇ. 0.1 ಹೆಚ್ಚಿದಂತೆಲ್ಲ ಕ್ವಿಂಟಾಲಿಗೆ 3.46 ರೂ., ಅಂದರೆ ಟನ್ನಿಗೆ 34.60 ರೂ. ಕೂಡುತ್ತದೆ. ಸಿಪ್ಪೆಯಲ್ಲಿ ಸಕ್ಕರೆ ಉಳಿದರೆ ಈ ಲೆಕ್ಕದಲ್ಲಿ ರೈತನ ಪಾಲೂ ಕರಗುತ್ತದೆ. ಶುದ್ಧ ಕಬ್ಬು ಕೊಡುವ ರೈತ, ಅದನ್ನು ಹದವಾಗಿ ಉಣಿಸುವ ಕಾರ್ಖಾನೆ, ಇಬ್ಬರೂ ಕೂಡಿದರೆ ಮಾತ್ರ ಆ ಸಕ್ಕರೆ ಚೀಲ ಸೇರುತ್ತದೆ.