ತುಂಗಾ ಭದ್ರೆಗಳ ಜಲಾನಯನ ಪ್ರದೇಶವೂ ಅದರ ಅಳತೆಯ ಕ್ರಮವೂ

ನದಿಯ ಉಗಮಸ್ಥಾನವನ್ನೂ ಅದರ ತೀರದ ಕ್ಷೇತ್ರಗಳನ್ನೂ ಸ್ಥಳಪುರಾಣಗಳು ವಿಸ್ತಾರವಾಗಿ ವರ್ಣಿಸುತ್ತವೆ. ಅದರ ಉದ್ದವನ್ನು ಪಾಠ್ಯಪುಸ್ತಕಗಳು ಹೇಳುತ್ತವೆ. ಆದರೆ ನದಿಗೆ ನೀರೊದಗಿಸುವ ನೆಲದ ವಿಸ್ತಾರವೆಷ್ಟು, ಅದನ್ನು ಅಳೆಯುವ ಬಗೆ ಯಾವುದು ಎಂಬ ವಿಚಾರವು ಬಹುಮಟ್ಟಿಗೆ ಎಂಜಿನಿಯರುಗಳ ಕಡತಗಳಲ್ಲಿಯೇ ಉಳಿದಿದೆ. ಜಲಾಶಯದ ಗಾತ್ರ, ಸೇತುವೆಯ ಕಣ್ಣುಗಳ ಅಗಲ, ರಾಜ್ಯರಾಜ್ಯಗಳ ನಡುವಣ ನೀರಿನ ವ್ಯಾಜ್ಯ ಇವೆಲ್ಲಕ್ಕೂ ಆ ಸಂಖ್ಯೆಯೇ ತಳಹದಿಯಾದುದರಿಂದ ಇದು ಇತರರಿಗೂ ತಿಳಿದಿರತಕ್ಕ ವಿಷಯವಾಗಿದೆ.

ಮೊದಲು ಶಬ್ದದ ವಿಚಾರ. ಕೆರೆಯ ಅಥವಾ ಕಾಲುವೆಯ ನೀರು ಹಾಯುವ ಗದ್ದೆಗಳಿಗೆ ಅಚ್ಚುಕಟ್ಟು ಎಂಬ ಹೆಸರು ಕನ್ನಡದಲ್ಲಿ ರೂಢವಾಗಿದೆ. ಜಲಾನಯನ ಪ್ರದೇಶವು ಅದಕ್ಕೆ ವಿರುದ್ಧವಾದುದು. ಅಚ್ಚುಕಟ್ಟು ನೀರನ್ನು ಪಡೆಯುವ ನೆಲ. ಜಲಾನಯನವು ನೀರನ್ನು ಕರೆತರುವ ನೆಲ. ಆನಯನವೆಂದರೆ ತರುವುದು ಎಂಬರ್ಥವಿರುವುದಷ್ಟೆ. ವೃತ್ತಪತ್ರಿಕೆಗಳಲ್ಲಿ ಕೆಲವು ವೇಳೆ ಇವೆರಡನ್ನೂ ಒಂದಕ್ಕೊಂದು ಪರ್ಯಾಯವಾಗಿ ಬಳಸುವುದುಂಟು. ಹಾಗೆ ಬಳಸಿದಾಗ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ.

ಜಲಾನಯನ ಪ್ರದೇಶವು ನದಿಗೆ ಸೇರಿದುದೆನ್ನುವುದಕ್ಕಿಂತ ನದಿಯ ಮೇಲಿನ ಒಂದು ನಿಶ್ಚಿತ ಸ್ಥಳಕ್ಕೆ ಸೇರಿದುದೆನ್ನುವುದು ಯುಕ್ತ. ಶಿವಮೊಗ್ಗ ನಗರದ ಗೋಪಾಳದಲ್ಲಿ ಬಿದ್ದ ಮಳೆಯು ಚರಂಡಿ ಹಳ್ಳಗಳ ಮೂಲಕ ಕೊನೆಗೆ ತುಂಗೆಯನ್ನು ಸೇರುವುದು. ಆದುದರಿಂದ ಕೂಡಲಿಯ ಸಂಗಮದಲ್ಲಿ ನಿಂತು ಲೆಕ್ಕ ಹಾಕುವವನಿಗೆ ಗೋಪಾಳವು ತುಂಗೆಯ ಜಲಾನಯನದ ಒಳಗಿದೆ. ಅದೇ ಲೆಕ್ಕವನ್ನು ಹೊಳೆಯ ಮೇಲ್ಭಾಗದ ಗಾಜನೂರಿನ ಅಣೆಕಟ್ಟಿನಲ್ಲಿ ನಿಂತು ಹಾಕಿದರೆ ಗೋಪಾಳವು ಹೊರಗುಳಿಯುತ್ತದೆ. ಭದ್ರಾವತಿಯ ಸ್ಥಿತಿಯೂ ಇಂತಹುದೇ: ಅದು ಲಕ್ಕವಳ್ಳಿಯ ಕೆಳಗಿರುವುದರಿಂದ ಅಲ್ಲಿಯ ಮಳೆಯ ಒಂದು ಹನಿಯೂ ಭದ್ರಾ ಜಲಾಶಯದ ಲೆಕ್ಕಕ್ಕೆ ಬಾರದು. ಯಾವ ಸ್ಥಳಕ್ಕೆ ಎಂದು ಹೇಳದೆ ಕೊಟ್ಟ ವಿಸ್ತಾರದ ಸಂಖ್ಯೆಯಿಂದ ಪ್ರಯೋಜನವಿಲ್ಲ.

ಈ ಪ್ರದೇಶದ ಎಲ್ಲೆಯೇ ಜಲವಿಭಾಜಕ ರೇಖೆ; ಮಳೆಯ ನೀರು ಇತ್ತಲೋ ಅತ್ತಲೋ ಎಂದು ಕವಲೊಡೆಯುವ ನೆಲದ ಬೆನ್ನು. ಮಲೆನಾಡಿನಲ್ಲಿ ಈ ಬೆನ್ನು ಬಹು ವಿಚಿತ್ರವಾಗಿ ಬಳುಕಿದೆ. ತುಂಗೆ ಭದ್ರೆಗಳೆರಡೂ ವರಾಹಪರ್ವತದ ಗಂಗಾಮೂಲದಲ್ಲಿ ಹುಟ್ಟುತ್ತವೆ. ತುಂಗೆಯು ಶೃಂಗೇರಿ ತೀರ್ಥಹಳ್ಳಿಗಳ ಮಾರ್ಗವಾಗಿಯೂ ಭದ್ರೆಯು ಕಳಸ ಬಾಳೆಹೊನ್ನೂರುಗಳ ಮಾರ್ಗವಾಗಿಯೂ ಹರಿದು ಕೂಡಲಿಯಲ್ಲಿ ಒಂದಾಗುತ್ತವೆ. ಆದ್ದರಿಂದ ಇವುಗಳ ನಡುವಣ ವಿಭಾಜಕವು ಗಂಗಾಮೂಲದಲ್ಲಿ ಆರಂಭವಾಗಿ ಕೂಡಲಿಯ ಮೂಲೆಯಲ್ಲಿಯೇ ಮುಗಿಯಬೇಕು, ಬೇರೆ ದಾರಿಯಿಲ್ಲ. ಪಶ್ಚಿಮದ ಎಲ್ಲೆಯು ಇಷ್ಟು ಸರಳವಲ್ಲ. ಆಗುಂಬೆಯ ಮಳೆಯಲ್ಲಿ ಒಂದು ಪಾಲು ಸೀತಾನದಿಯಾಗಿ ಪಡುವಣ ಕಡಲಿಗಿಳಿಯುತ್ತದೆ, ಇನ್ನೊಂದು ಪಾಲು ಮಾಲತಿಯ ಮೂಲಕ ತುಂಗೆಗೆ ಬರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ತುಂಗೆಗೆ ಇಷ್ಟು ಸಮೀಪವಿದ್ದೂ ಉತ್ತರಕ್ಕೆ ನಡೆದು, ಬಳಿಕ ಪಶ್ಚಿಮಕ್ಕೆ ತಿರುಗಿ ಜೋಗದಲ್ಲಿ ಧುಮುಕುತ್ತದೆ. ಹುಂಚದ ಸಮೀಪದಲ್ಲಿ ಹುಟ್ಟುವ ಕುಮುದ್ವತಿಯಾದರೋ ತುಂಗಭದ್ರೆಯನ್ನು ಸೇರಿ ಮೂಡಣ ಕಡಲಿನ ಪಾಲಾಗುತ್ತದೆ. ಇಂತಹ ನಾಡಿನಲ್ಲಿ ಎಲ್ಲೆಯನ್ನು ಕಣ್ಣಂದಾಜಿನಿಂದ ಎಳೆಯುವುದು ಸಾಹಸದ ಮಾತೇ ಸರಿ.

ಎಲ್ಲೆಯನ್ನು ಎಳೆಯಲು ಸಮೋನ್ನತ ರೇಖೆಗಳುಳ್ಳ ಭೂಮಾಪನ ನಕ್ಷೆ ಬೇಕು. ಕಣಿವೆಯಲ್ಲಿ ಈ ರೇಖೆಗಳು ಎತ್ತರದ ಕಡೆಗೂ, ಬೆಟ್ಟದ ಬೆನ್ನಿನ ಮೇಲೆ ತಗ್ಗಿನ ಕಡೆಗೂ ಮೊನೆ ಮಾಡಿಕೊಂಡಿರುತ್ತವೆ. ಆರಿಸಿದ ಸ್ಥಳದಿಂದ ಹೊಳೆಯ ಎರಡು ದಡಗಳನ್ನೂ ಹಿಡಿದು ಬೆನ್ನಿನ ಮೇಲೇರುತ್ತ, ಸಮೋನ್ನತ ರೇಖೆಗಳನ್ನು ಲಂಬವಾಗಿ ದಾಟುತ್ತ ಹೋದರೆ ಎರಡು ಗೆರೆಗಳೂ ಉಗಮದ ಹಿಂದೆ ಕೂಡಿಕೊಳ್ಳುತ್ತವೆ. ಎಳೆದ ಗೆರೆಯು ಎಲ್ಲಿಯಾದರೂ ಒಂದು ಹಳ್ಳವನ್ನು ಅಡ್ಡ ಹಾಯ್ದಿದ್ದರೆ ಅಲ್ಲಿ ತಪ್ಪಿದೆಯೆಂದೇ ತಿಳಿಯಬೇಕು.

ಗೆರೆಯೊಳಗಿನ ವಿಸ್ತಾರವನ್ನು ತಿಳಿಯುವ ಹಳೆಯ ಉಪಾಯವೆಂದರೆ ಚೌಕಗಳನ್ನು ಎಣಿಸುವುದು. ಮೈಲಿಗೆ ಒಂದು ಅಂಗುಲದ ನಕ್ಷೆಯಲ್ಲಿ ಒಂದು ಚದರಂಗುಲಕ್ಕೆ ಒಂದು ಚದರ ಮೈಲಿ. ೧:೫೦,೦೦೦ ಪ್ರಮಾಣದ ನಕ್ಷೆಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಕಾಲು ಚದರ ಕಿಲೋಮೀಟರು. ಅಂಚಿನ ಚೌಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಳಗಿರುವುದನ್ನು ಎಣಿಸಿ ಉಳಿದುದನ್ನು ಬಿಡುವುದು ವಾಡಿಕೆ. ೧೮೫೪ರಲ್ಲಿ ಸ್ವಿಟ್ಜರ್ಲೆಂಡಿನ ಗಣಿತಜ್ಞನಾದ ಯಾಕೋಬ್ ಆಮ್ಸ್ಲರನು ನಿರ್ಮಿಸಿದ ಪ್ಲಾನಿಮೀಟರು ಈ ಶ್ರಮವನ್ನು ತಪ್ಪಿಸಿತು. ಅದರ ಮೊನೆಯನ್ನು ಎಲ್ಲೆಯ ಮೇಲೆ ಒಂದು ಸುತ್ತು ಆಡಿಸಿದರೆ ಸಾಕು, ಪುಟ್ಟ ಚಕ್ರವೊಂದು ಉರುಳಿದ ಮೊತ್ತವು ಒಳಗಿನ ವಿಸ್ತಾರಕ್ಕೆ ಸರಿಯಾಗಿ ಅನುಪಾತದಲ್ಲಿರುತ್ತದೆ. ಇಲ್ಲಿ ಅಳೆಯುವುದು ಇಳಿಜಾರಿನ ಮೈಯನ್ನಲ್ಲ, ಅದರ ಸಮತಲದ ನೆರಳನ್ನು. ಮೂವತ್ತು ಡಿಗ್ರಿ ಓರೆಯ ಬೆಟ್ಟದ ಮೈಯು ನಕ್ಷೆಯ ವಿಸ್ತಾರಕ್ಕಿಂತ ನೂರಕ್ಕೆ ಹದಿನೈದರಷ್ಟು ಹೆಚ್ಚು. ಆದರೂ ಮಳೆಯ ಲೆಕ್ಕಕ್ಕೆ ಬೇಕಾದುದು ನಕ್ಷೆಯ ವಿಸ್ತಾರವೇ.

೧೯೬೫ರಲ್ಲಿ ಪೂರ್ಣಗೊಂಡ ಲಕ್ಕವಳ್ಳಿಯ ಅಣೆಕಟ್ಟಿನಲ್ಲಿ ಭದ್ರೆಯ ಜಲಾನಯನ ಪ್ರದೇಶವು ೧,೯೬೮ ಚದರ ಕಿಲೋಮೀಟರು, ಎಂದರೆ ೭೬೦ ಚದರ ಮೈಲಿ. ಒಂದು ಚದರ ಮೈಲಿಯ ಮೇಲೆ ಒಂದು ಅಂಗುಲ ನೀರು ನಿಂತರೆ ಅದು ೨೩,೨೩,೨೦೦ ಘನ ಅಡಿಯಾಗುತ್ತದೆ. ಹಾಗೆಯೇ ೭೬೦ ಚದರ ಮೈಲಿಯಿಂದ ಒಂದಂಗುಲ ನೀರು ಹರಿದುಬಂದರೆ ೧.೭೭ ಶತಕೋಟಿ ಘನ ಅಡಿ, ಈಗಿನ ಪತ್ರಿಕೆಗಳ ಭಾಷೆಯಲ್ಲಿ ೧.೭೭ ಟಿ.ಎಂ.ಸಿ. ಜಲಾಶಯದ ಸಾಮರ್ಥ್ಯವು ೭೧.೫ ಟಿ.ಎಂ.ಸಿ. ಇರುವುದರಿಂದ ಬರಿದಾದ ಅದು ತುಂಬಬೇಕಾದರೆ ನೆಲವು ಹೀರಿ ಉಳಿದ ನೀರೇ ಸುಮಾರು ೪೦ ಅಂಗುಲ ಬರಬೇಕು. ಹೊಸಪೇಟೆಯ ಬಳಿಯ ತುಂಗಭದ್ರಾ ಅಣೆಕಟ್ಟನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿಯ ಜಲಾನಯನ ೨೮,೧೮೦ ಚದರ ಕಿಲೋಮೀಟರು. ಆರಂಭದ ಸಾಮರ್ಥ್ಯ ೧೩೩ ಟಿ.ಎಂ.ಸಿ. ಅದು ತುಂಬಲು ಸರಾಸರಿ ಐದೂಕಾಲು ಅಂಗುಲ ನೀರು ಹರಿದುಬಂದರೆ ಸಾಕು. ವಿಸ್ತಾರದಲ್ಲಿ ಹದಿನಾಲ್ಕನೆಯ ಒಂದು ಪಾಲಿರುವ ಭದ್ರೆಯ ಪ್ರದೇಶಕ್ಕೆ ಅರ್ಧಕ್ಕಿಂತ ದೊಡ್ಡ ಜಲಾಶಯವನ್ನು ಕಟ್ಟಿರುವುದು ಮಲೆನಾಡಿನ ಮಳೆಯ ಭರವಸೆಯಿಂದಲೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾದರೆ ಶಿವಮೊಗ್ಗ ನಗರಕ್ಕೆ ದೊರೆಯುವುದು ಅದರ ಒಂದು ಸಣ್ಣ ಪಾಲು. ವಿಸ್ತಾರವನ್ನು ಮಾತ್ರ ನೋಡಿ ನೀರನ್ನು ಊಹಿಸುವವರು ಇಲ್ಲಿ ಎಡವುತ್ತಾರೆ.

ಈಚೆಗೆ ಈ ಅಳತೆಯು ಗಣಕಯಂತ್ರದ ಪಾಲಾಗಿದೆ. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಆಕಾಶನೌಕೆಯು ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರಗಳನ್ನು ಅಳೆಯಿತು. ಆ ಅಂಕಿಗಳ ಪ್ರತಿಯೊಂದು ಚೌಕದ ನೀರು ಸುತ್ತಣ ಎಂಟು ಚೌಕಗಳಲ್ಲಿ ಅತ್ಯಂತ ಕಡಿದಾದ ಇಳಿಜಾರಿನ ಕಡೆಗೆ ಹೋಗುವುದೆಂದು ಭಾವಿಸಿ ಯಂತ್ರವು ಎಲ್ಲೆಯನ್ನು ತಾನೇ ಹುಡುಕುತ್ತದೆ. ಆದರೆ ದಟ್ಟವಾದ ಕಾಡಿನಲ್ಲಿ ಆ ರೇಡಾರು ನೆಲವನ್ನು ಪೂರ್ತಿಯಾಗಿ ಕಾಣದೆ ಮರಗಳ ತಲೆಯ ಕಡೆಗೆ ಸರಿದ ಎತ್ತರವನ್ನು ಕೊಡುತ್ತದೆ. ಬಯಲುಸೀಮೆಯ ತಗ್ಗು ದಿಬ್ಬಗಳಲ್ಲಿ ಕೆರೆಯ ಏರಿಯನ್ನೇ ವಿಭಾಜಕವೆಂದು ಭ್ರಮಿಸುವುದೂ ಉಂಟು. ಹಳೆಯ ನಕ್ಷೆಯೊಡನೆ ತಾಳೆ ನೋಡದೆ ಯಂತ್ರದ ಗೆರೆಯನ್ನು ಒಪ್ಪತಕ್ಕದ್ದಲ್ಲ.

ಸಂಖ್ಯೆಗಳು ಬೇರೆಬೇರೆಯಾಗಿ ಕಾಣುವುದಕ್ಕೆ ಅಳತೆಯ ದೋಷವೇ ಕಾರಣವೆಂದು ಎಣಿಸಬೇಕಾಗಿಲ್ಲ. ತುಂಗಭದ್ರೆಯ ಜಲಾನಯನವನ್ನು ಕೆಲವು ಗ್ರಂಥಗಳು ೭೧,೪೧೭ ಚದರ ಕಿಲೋಮೀಟರೆಂದೂ ಕೆಲವು ೪೭,೮೨೭ ಎಂದೂ ಹೇಳುತ್ತವೆ. ೧೯೭೩ರಲ್ಲಿ ತೀರ್ಪಿತ್ತ ಕೃಷ್ಣಾ ಜಲವಿವಾದ ನ್ಯಾಯಮಂಡಲಿಯು ಕೃಷ್ಣೆಯ ಪ್ರದೇಶವನ್ನು ಹನ್ನೆರಡು ಉಪವಿಭಾಗಗಳಾಗಿ ಪರಿಶೀಲಿಸಿತು. ಅವುಗಳಲ್ಲಿ ತುಂಗಭದ್ರೆಯದು ಎಂಟನೆಯದು, ಅದರ ಉಪನದಿಯಾದ ವೇದಾವತಿಯದು ಒಂಬತ್ತನೆಯದು. ವೇದಾವತಿಯ ೨೩,೫೯೦ನ್ನು ಕೂಡಿಸಿದರೆ ದೊಡ್ಡ ಸಂಖ್ಯೆ, ಬಿಟ್ಟರೆ ಚಿಕ್ಕದು.

ಈ ಎರಡು ವಿಭಾಗಗಳನ್ನು ಬೇರ್ಪಡಿಸುವ ಬೆನ್ನನ್ನು ದಾಟುವುದೇ ಭದ್ರಾ ಮೇಲ್ದಂಡೆ ಯೋಜನೆಯ ಉದ್ದೇಶ. ತುಂಗೆಯಿಂದ ೧೭.೪ ಟಿ.ಎಂ.ಸಿ. ನೀರನ್ನು ಭದ್ರೆಗೆ ಎತ್ತಿ, ಅಲ್ಲಿಂದ ೨೯.೯ ಟಿ.ಎಂ.ಸಿ.ಯನ್ನು ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಒಯ್ಯುವಂತೆ ಅದನ್ನು ರೂಪಿಸಲಾಗಿದೆ. ಇದರಿಂದ ಲಕ್ಕವಳ್ಳಿಯ ೧,೯೬೮ ಚದರ ಕಿಲೋಮೀಟರೆಂಬ ಸಂಖ್ಯೆಯು ಕೂದಲೆಳೆಯಷ್ಟೂ ಬದಲಾಗದು. ಆದರೆ ಆ ಸಂಖ್ಯೆಯಿಂದ ಜಲಾಶಯದ ನೀರನ್ನು ಎಣಿಸುವವನು ಇನ್ನು ಮುಂದೆ ತುಂಗೆಯಿಂದ ಬಂದುದನ್ನು ಬೇರೆಯಾಗಿ ಕೂಡಿಸಿ, ಸುರಂಗಕ್ಕೆ ಹೋದುದನ್ನು ಬೇರೆಯಾಗಿ ಕಳೆಯಬೇಕಾಗುತ್ತದೆ.