ಸೆಕೆಂಡ್ ಹ್ಯಾಂಡ್ ಕಾಫಿ ಮಶೀನ್ ತಂದಿರಾ? ಮೊದಲು ಸೇಫ್ಟಿ ವಾಲ್ವ್ ನೋಡಿ

ಮದುವೆ ಮನೆಯಲ್ಲಿ ಒಮ್ಮೊಮ್ಮೆ ಊಟದ ಪಂಕ್ತಿಗಿಂತ ಕಾಫಿ ಮಶೀನ್ ಮುಂದಿನ ಸಾಲೇ ಉದ್ದ ಇರುತ್ತೆ. ಎತ್ತರದ ಸ್ಟೀಲ್ ಕೊಳಗ, ಪಕ್ಕದಲ್ಲಿ ಕೊಕ್ಕಿನಂಥ ನಳಿಗೆ, ‘ಭುಸ್ಸ್’ ಅಂತ ಸದ್ದು, ಕಪ್ಪಿನ ತುಂಬ ನೊರೆ, ನೊರೆಯ ಮೇಲೆ ಚಿಟಿಕೆ ಚಾಕೊಲೇಟ್ ಪುಡಿ! ಬೀದರ್ ಸೀಮೆ ಮೊದಲಿನಿಂದಲೂ ಚಹಾದ ಸೀಮೆ. ಕಮಲನಗರ, ಭಾಲ್ಕಿ, ಔರಾದ್ ಕಡೆ ಬೆಳಗಾಗುವುದೇ ಚಹಾದಿಂದ. ಕಾಫಿ ಏನಿದ್ದರೂ ಸಮಾರಂಭದ್ದು. ಅದಕ್ಕೇ ಇರಬೇಕು, ಸೀಮಂತ, ನಾಮಕರಣ, ಹುಟ್ಟುಹಬ್ಬಗಳಿಗೆ ಆರ್ಡರ್ ಹಿಡಿದು ನಾಲ್ಕು ಕಾಸು ಸಂಪಾದಿಸೋಣ ಅಂದುಕೊಂಡ ಗೃಹಿಣಿಯರ ಕಣ್ಣು ಈ ಮಶೀನ್ ಮೇಲೆ ಬೀಳುವುದು.

ಹೊಸದು ದುಬಾರಿ. ಹಳೆಯದು ಸಿಗುತ್ತೆ. 2020ರ ಲಾಕ್‌ಡೌನ್ ಹೊಡೆತಕ್ಕೆ ಬಾಗಿಲು ಹಾಕಿದ ಕೆಫೆಗಳ ಸಾಮಾನೂ ಗುಜರಿ ಬಜಾರಿಗೆ ಬಂತು. ಬೀದರ್, ಭಾಲ್ಕಿ, ಕಮಲನಗರ, ಉದಗೀರ್ ಎಲ್ಲವೂ ಒಂದೇ ರೈಲು ಮಾರ್ಗದ ಊರುಗಳು. ಬಿಡಿಭಾಗ ಬೇಕೆಂದರೆ ಹೈದರಾಬಾದಿನ ರಾಣಿಗಂಜ್ ದೂರವೇನಲ್ಲ. ತೊಳೆದು, ಉಜ್ಜಿ, ವಾಷರ್ ಬದಲಿಸಿದರೆ ಮನೆಯಲ್ಲೇ ರೆಡಿ ಮಾಡಿಕೊಳ್ಳಬಹುದು ಅನ್ನಿಸುವುದು ಸಹಜ. ಮಾಡಬಹುದು ಕೂಡ. ಆದರೆ ಎಲ್ಲವನ್ನೂ ಅಲ್ಲ.

ನಿಮ್ಮದು ಯಾವ ಮಶೀನ್?

ಎರಡಕ್ಕೂ ಎಸ್ಪ್ರೆಸ್ಸೊ ಅಂತಲೇ ಹೆಸರು. ಮದುವೆ ಮನೆಯ ಮಶೀನ್ ನಿಜ ಹೇಳಬೇಕೆಂದರೆ ಆವಿ ಮಾಡುವ ಬಾಯ್ಲರ್ ಅಷ್ಟೇ. ಜಗ್‌ನಲ್ಲಿ ಹಾಲು, ಸಕ್ಕರೆ, ಇನ್‌ಸ್ಟಂಟ್ ಪುಡಿ ಹಾಕಿ ನಳಿಗೆಯ ಆವಿ ಬಿಟ್ಟರೆ ನೊರೆ ಬರುತ್ತೆ. ಕೆಫೆ ಮಶೀನ್ ಬೇರೆ. ಇಟಲಿಯ ಮಿಲಾನ್ ನಗರದ ಲುಯಿಜಿ ಬೆಜೆರಾ 1901ರಲ್ಲಿ ಆವಿ ಒತ್ತಡದ ಕಾಫಿ ಯಂತ್ರಕ್ಕೆ ಪೇಟೆಂಟ್ ಕೇಳಿದ. ಮುಂದೆ ಅದೇ ಊರಿನ ಅಕಿಲೆ ಗಾಜಿಯಾ ಹಿಡಿಕೆ ಎಳೆದು ಒತ್ತಡ ಹೆಚ್ಚಿಸುವ ಉಪಾಯ ಕಂಡುಹಿಡಿದ ಮೇಲೆ ಕಾಫಿ ಮೇಲೆ ಹೊಂಬಣ್ಣದ ಕೆನೆ ಬರತೊಡಗಿತು. ಈಗಿನವುಗಳಲ್ಲಿ ಆ ಕೆಲಸ ಪಂಪಿನದು. ಸುಮಾರು 9 ಬಾರ್ ಒತ್ತಡದಲ್ಲಿ ಬಿಸಿನೀರು ನುಣ್ಣಗೆ ಬೀಸಿದ ಪುಡಿಯ ಮೂಲಕ ನುಗ್ಗುತ್ತೆ. ಅದರ ಬಾಯ್ಲರ್ ಒತ್ತಡ ಮಾತ್ರ ಒಂದು ಬಾರ್ ಆಸುಪಾಸು.

ಒಂದೇ ಬಾರ್ ತಾನೇ ಅನ್ನಬೇಡಿ. ನಿಮ್ಮ ಕುಕ್ಕರಿನ ಒತ್ತಡವೂ ಹೆಚ್ಚೂ ಕಡಿಮೆ ಅಷ್ಟೇ. ಒಳಗಿನ ನೀರು 120 ಡಿಗ್ರಿ ಇರುತ್ತೆ, ಒತ್ತಡದಿಂದಾಗಿ ಕುದಿಯದೆ ಸುಮ್ಮನೆ ಕೂತಿರುತ್ತೆ. 15 ಲೀಟರ್ ಬಾಯ್ಲರ್ ಒಡೆಯಿತು ಅಂದುಕೊಳ್ಳಿ. ಅರ್ಧ ಕಿಲೋಗಿಂತ ಹೆಚ್ಚು ನೀರು ಕಣ್ಣು ಮಿಟುಕಿಸುವುದರೊಳಗೆ ಆವಿಯಾಗುತ್ತೆ. ಆ ಆವಿಗೆ ಸುಮಾರು 900 ಲೀಟರ್ ಜಾಗ ಬೇಕು, ಅಂದರೆ ನಾಲ್ಕೂವರೆ ದೊಡ್ಡ ಡ್ರಮ್ಮು! ಅಡುಗೆಮನೆಯಲ್ಲಿ ಆ ಜಾಗ ಎಲ್ಲಿದೆ? 2025ರ ಫೆಬ್ರುವರಿಯಲ್ಲಿ ಕೊಚ್ಚಿಯ ಕಲೂರಿನ ಹೋಟೆಲೊಂದರಲ್ಲಿ ಸ್ಟೀಮರ್ ಸಿಡಿದು ಕಾರ್ಮಿಕನೊಬ್ಬ ಪ್ರಾಣ ಕಳೆದುಕೊಂಡ. ದೊಡ್ಡ ಬಾಯ್ಲರುಗಳಿಗೆ ಸರ್ಕಾರದ ತಪಾಸಣೆ ಇದೆ. 25 ಲೀಟರಿಗಿಂತ ಚಿಕ್ಕದು ಬಾಯ್ಲರ್ ಕಾಯ್ದೆಯ ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ನಿಮ್ಮ ಮನೆಯ ಮಶೀನಿಗೆ ಇನ್‌ಸ್ಪೆಕ್ಟರ್ ನೀವೇ.

ತಲೆಯ ಮೇಲಿನ ವಾಲ್ವ್

ಮಶೀನ್ ಮನೆಗೆ ಬಂದ ದಿನ ಪಾಲಿಶ್ ಹಚ್ಚಲು ಕೂರಬೇಡಿ. ಬಾಯ್ಲರ್ ತಲೆಯ ಮೇಲೆ ಹಿತ್ತಾಳೆಯ ಸೇಫ್ಟಿ ವಾಲ್ವ್ ಇರುತ್ತೆ, ಅದನ್ನು ನೋಡಿ. ಎಳೆದರೆ ಮೇಲೇಳಬೇಕು, ಬಿಟ್ಟರೆ ತಾನಾಗಿ ಕೂರಬೇಕು. ಬಿಳಿ ಸುಣ್ಣ ಕಟ್ಟಿ ಅಂಟಿಕೊಂಡಿದ್ದರೆ ಉಜ್ಜಿ ಸರಿಮಾಡುವ ಆಸೆ ಬೇಡ, ಅದೇ ಒತ್ತಡಕ್ಕೆ ಹೊಂದುವ ಹೊಸದನ್ನೇ ಹಾಕಿಸಿ. ಸೋರುತ್ತೆ ಅಂತ ಹಿಂದಿನ ಮಾಲೀಕರು ಬೋಲ್ಟ್ ಬಡಿದು ಬಂದ್ ಮಾಡಿರುವುದೂ ಉಂಟು, ತಂತಿ ಬಿಗಿದಿರುವುದೂ ಉಂಟು. ಕುಕ್ಕರ್ ಸೀಟಿ ಹಾಕುತ್ತೆ ಅಂತ ಯಾರಾದರೂ ವೇಟ್‌ಗೆ ತಂತಿ ಕಟ್ಟುತ್ತಾರೆಯೇ? ಅಂಥ ಮಶೀನನ್ನು ಫ್ರೀ ಕೊಟ್ಟರೂ ಒಲೆಗೆ ಏರಿಸಬೇಡಿ.

ಪ್ರೆಶರ್ ಗೇಜ್‌ನ ಮುಳ್ಳು ತಣ್ಣಗಿರುವಾಗ ಸೊನ್ನೆಗೆ ಬಂದು ನಿಲ್ಲಬೇಕು. ಒಂದರ ಮೇಲೆ ನಿಂತಿದ್ದರೆ ಗೇಜ್ ಸತ್ತಿದೆ. ಆಮೇಲೆ ಮೆಕ್ಯಾನಿಕ್ ಹತ್ತಿರ ನೀರಿನ ಪ್ರೆಶರ್ ಟೆಸ್ಟ್ ಮಾಡಿಸಿ. ಬಾಯ್ಲರ್ ತುಂಬ ತಣ್ಣೀರು ತುಂಬಿ, ಕೈಪಂಪಿನಲ್ಲಿ ಮಾಮೂಲಿ ಒತ್ತಡದ ಒಂದೂವರೆ ಪಟ್ಟು ಕೊಟ್ಟು, ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡುವುದು. ಗಾಳಿ ತುಂಬಿ ಟೆಸ್ಟ್ ಮಾಡುತ್ತೇನೆ ಅನ್ನುವವರನ್ನು ವಾಪಸ್ ಕಳಿಸಿ. ತಣ್ಣೀರಿನಲ್ಲಿ ಬೆಸುಗೆ ಬಿಟ್ಟರೆ ನೆಲ ಒದ್ದೆಯಾಗುತ್ತೆ, ಗಾಳಿಯಲ್ಲಿ ಬಿಟ್ಟರೆ ಸಿಡಿಯುತ್ತೆ.

ಜೋಡಣೆಗಳಿಗೆ ಪ್ಲಂಬರ್ ಹಚ್ಚುವ ಹಳೇ ಕಾಲದ ಬಿಳಿ ಸಫೇದ, ನಾರು ಇದ್ದರೆ ಕೆರೆದು ತೆಗೆಸಿ. ಆ ಸಫೇದದಲ್ಲಿ ಸೀಸ ಇರುತ್ತಿತ್ತು. ಹಾಲಿಗೆ ಹೋಗುವ ಆವಿ ಅದನ್ನು ಮುಟ್ಟಕೂಡದು. ಟೆಫ್ಲಾನ್ ಟೇಪ್, ಫುಡ್ ಗ್ರೇಡ್ ಸಿಲಿಕಾನ್ ವಾಷರ್ ಸಾಕು.

ಸುಣ್ಣ ತೆಗೆಯುವ ಕೆಲಸ ನಿಮ್ಮದೇ

ಕಮಲನಗರದ ಕಡೆ ಕಪ್ಪು ಮಣ್ಣು, ಕಪ್ಪು ಬಂಡೆ. ಬೋರ್ ನೀರು ಗಡಸು. ಸ್ನಾನದ ಗೀಜರ್ ಬಿಚ್ಚಿಸಿದ್ದರೆ ನಿಮಗೇ ಗೊತ್ತು, ಕಾಯಿಲ್ ಮೇಲೆ ಮೊಟ್ಟೆಯ ಚಿಪ್ಪಿನಂತೆ ಪದರ ಕಟ್ಟಿರುತ್ತೆ. ಕಾಫಿ ಬಾಯ್ಲರಿನಲ್ಲೂ ಅದೇ ಕಥೆ. ಪದರ ಕಟ್ಟಿದ ಕಾಯಿಲ್ ಬಿಸಿ ಬಿಟ್ಟುಕೊಡದೆ ತಾನೇ ಸುಟ್ಟುಕೊಳ್ಳುತ್ತೆ, ಕರೆಂಟೂ ದಂಡ.

ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ತನ್ನಿ. ಲೀಟರ್ ಉಗುರುಬೆಚ್ಚನೆ ನೀರಿಗೆ 20ರಿಂದ 30 ಗ್ರಾಂ. ಮಶೀನ್ ಆಫ್ ಇರಬೇಕು, ಪ್ಲಗ್ ಕಿತ್ತಿರಬೇಕು, ಮೇಲಿನ ಬಾಯಿ ತೆರೆದೇ ಇರಬೇಕು. ಸುಣ್ಣಕ್ಕೆ ಹುಳಿ ತಗುಲಿದರೆ ಗ್ಯಾಸ್ ಬರುತ್ತೆ, ಅದಕ್ಕೆ ಹೊರಹೋಗಲು ದಾರಿ ಬೇಕಲ್ಲ. ಅರ್ಧ ಗಂಟೆ ಬಿಟ್ಟು ಚೆಲ್ಲಿ. ನೊರೆ ಏಳುವುದು ನಿಲ್ಲುವವರೆಗೆ ಮತ್ತೆ ಹೊಸದಾಗಿ ಕಲಸಿ ಹಾಕಿ. ಕುದಿಸಿದರೆ ಬೇಗ ಆಗುತ್ತೆ ಅನ್ನುವ ಆತುರ ಬೇಡ. ಬಿಸಿ ಜಾಸ್ತಿಯಾದರೆ ಹುಳಿ, ಸುಣ್ಣ ಸೇರಿ ಬೇರೊಂದು ಬಿಳಿ ಪುಡಿಯಾಗಿ ತಳ ಹಿಡಿಯುತ್ತೆ, ಅದನ್ನು ತೆಗೆಯುವುದು ಇನ್ನೂ ಕಷ್ಟ. ತಾಮ್ರದ ಬಾಯ್ಲರಾದರೆ ಚೆಲ್ಲಿದ ನೀರು ನೀಲಿ-ಹಸಿರು ಕಾಣುತ್ತೆ. ಅದು ಕರಗಿದ ತಾಮ್ರ. ಹಾಗೆ ಕಂಡರೆ ಇನ್ನು ಸಾಕು ಅಂತ ಅರ್ಥ, ನಾಲ್ಕೈದು ಸಲ ಶುದ್ಧ ನೀರಿನಲ್ಲಿ ತೊಳೆದುಬಿಡಿ. ಅಲ್ಯೂಮಿನಿಯಂ ಭಾಗ ಇದ್ದರೆ ಹುಳಿ ಹಾಕಲೇಬೇಡಿ. ಬಾತ್‌ರೂಮ್ ಆಸಿಡ್ಡಂತೂ ಹತ್ತಿರವೂ ತರಬೇಡಿ, ಸ್ಟೀಲಿನಲ್ಲಿ ಸೂಜಿಮೊನೆಯಂಥ ತೂತು ಬೀಳುತ್ತೆ. ಬ್ಲೀಚಿಂಗ್ ಜೊತೆ ಬೆರೆತರೆ ವಿಷಗಾಳಿ.

ಹಾಗಾದರೆ ಮುಂದೆ ಆರ್‌ಓ ನೀರೇ ಹಾಕೋಣ ಅನ್ನುತ್ತೀರಾ? ಮದುವೆ ಮಶೀನಿಗೆ ತೊಂದರೆ ಇಲ್ಲ. ಕೆಫೆ ಮಶೀನಿನಲ್ಲಿ ನೀರಿನ ಮಟ್ಟ ಅಳೆಯುವ ಕಡ್ಡಿಯೊಂದು ಇರುತ್ತೆ, ನೀರಿನ ಲವಣದ ಮೂಲಕ ಹರಿಯುವ ಸಣ್ಣ ಕರೆಂಟಿನಿಂದ ಅದಕ್ಕೆ ನೀರು ಬಂದದ್ದು ತಿಳಿಯುತ್ತೆ. ಲವಣವೇ ಇಲ್ಲದಿದ್ದರೆ ಬಾಯ್ಲರ್ ತುಂಬಿದರೂ ‘ಇನ್ನೂ ಬೇಕು’ ಅನ್ನುತ್ತಲೇ ಇರುತ್ತೆ! ಆರ್‌ಓ ನೀರಿಗೆ ಸ್ವಲ್ಪ ಫಿಲ್ಟರ್ ಮಾಡಿದ ಮಾಮೂಲಿ ನೀರು ಬೆರೆಸಿ.

ಕೆಫೆ ಮಶೀನಿನ ಹಿಡಿಕೆ ಕೂರುವ ಬಾಯಲ್ಲಿ ರಬ್ಬರ್ ರಿಂಗ್ ಇರುತ್ತೆ. ವರ್ಷಗಟ್ಟಲೆ ಬಿಸಿ ತಿಂದು ಕಲ್ಲಾಗಿರುತ್ತೆ, ಮೊಳೆಯಿಂದ ಎಬ್ಬಿಸಿದರೆ ಚೂರುಚೂರಾಗಿ ಬರುತ್ತೆ. ಬದಲಿಸುವುದು ಸುಲಭ, ಅಳತೆಗೆ ಹಳೆಯದರ ಚೂರನ್ನೇ ಅಂಗಡಿಗೆ ಒಯ್ಯಿರಿ. ಜಾಲರಿಗೆ ಅಂಟಿದ ಕಾಫಿ ಜಿಡ್ಡಿಗೆ ಬಿಸಿನೀರು, ವಾಷಿಂಗ್ ಸೋಡಾ ಸಾಕು.

ಕರೆಂಟು, ಗ್ಯಾಸು, ಬಿಲ್ಲು

ಇಲ್ಲಿ ನೀವು ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಎರಡು ಹಿಡಿಕೆಯ ಕೆಫೆ ಮಶೀನ್ ಮೂರರಿಂದ ನಾಲ್ಕೂವರೆ ಕಿಲೋವ್ಯಾಟ್ ಎಳೆಯುತ್ತೆ. ಮನೆಯ 16 ಆಂಪಿಯರ್ ಪ್ಲಗ್ ತಾಳುವುದೇ ಮೂರೂವರೆ. ಬೇರೆ ಲೈನು, ಬೇರೆ ಎಂಸಿಬಿ, ಒಳ್ಳೆಯ ಅರ್ಥಿಂಗ್ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ ಅಂತಲೇ ತಿಳಿಯಿರಿ. ಒದ್ದೆ ಕೈ, ಒದ್ದೆ ನೆಲ, ಲೋಹದ ಮೈ, ಮೂರೂ ಒಂದೇ ಕಡೆ ಇರುವ ಸಾಮಾನು ಇದು. ಗ್ಯಾಸ್ ಬರ್ನರಿನ ಮದುವೆ ಮಶೀನಾದರೆ ಮನೆಯ 14.2 ಕಿಲೋ ಸಿಲಿಂಡರ್ ವ್ಯಾಪಾರಕ್ಕೆ ಬಳಸುವಂತಿಲ್ಲ, 19 ಕಿಲೋದ್ದು ತೆಗೆದುಕೊಳ್ಳಬೇಕು.

ಗೃಹಜ್ಯೋತಿಯ ಸೊನ್ನೆ ಬಿಲ್ಲಿಗೆ ಒಗ್ಗಿಕೊಂಡವರು ಇದನ್ನೂ ಲೆಕ್ಕ ಹಾಕಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಮೂರು ಕಿಲೋವ್ಯಾಟಿನ ಕಾಯಿಲ್ ಪೂರ್ತಿ ಉರಿದರೆ ಗಂಟೆಗೆ ಮೂರು ಯೂನಿಟ್. ನಿತ್ಯ ವ್ಯಾಪಾರ ಅಂದರೆ ಜೆಸ್ಕಾಂನಿಂದ ವಾಣಿಜ್ಯ ಸಂಪರ್ಕವೂ ಬೇಕು, ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಇದನ್ನೆಲ್ಲ ಮಶೀನಿಗೆ ದುಡ್ಡು ಕೊಡುವ ಮೊದಲೇ ಕೂಡಿ ಕಳೆದು ನೋಡುವುದು ಜಾಣತನ.

ಎಲ್ಲ ಸರಿಯಾಗಿ ಮೊದಲ ಸಲ ಬಿಸಿ ಮಾಡುವಾಗ ಮಕ್ಕಳನ್ನು ಹೊರಗೆ ಕಳಿಸಿ, ಆವಿ ನಳಿಗೆ ಸ್ವಲ್ಪ ತೆರೆದಿಟ್ಟು ಒಳಗಿನ ಗಾಳಿ ಹೋಗಲು ಬಿಡಿ. ಪ್ರತಿ ಜಗ್ ಹಾಲಿನ ನಂತರ ನಳಿಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದು ಸಲ ‘ಭುಸ್’ ಅನ್ನಿಸಿ. ಇಲ್ಲದಿದ್ದರೆ ಆರುವಾಗ ಹಾಲು ಒಳಕ್ಕೆ ಎಳೆದುಕೊಂಡು ಬಾಯ್ಲರಿನಲ್ಲೇ ಹುಳಿ ವಾಸನೆ ಕೂರುತ್ತೆ.

ಟೆಸ್ಟಿನಲ್ಲಿ ಬಾಯ್ಲರ್ ಬೆಸುಗೆ ಬಿಟ್ಟಿದ್ದರೆ? ಗಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ತೇಪೆ ಹಾಕಿಸಬೇಡಿ, ಗುಜರಿಗೆ ಕೊಡಿ. ಇಡಿಯಾಗಿ ಕೊಟ್ಟರೆ ಕಬ್ಬಿಣದ ರೇಟು ಕಟ್ಟುತ್ತಾರೆ. ತಾಮ್ರ, ಹಿತ್ತಾಳೆ, ಸ್ಟೀಲ್ ಬೇರೆ ಬೇರೆ ಮಾಡಿಸಿ, ನಿಮ್ಮೆದುರೇ ತೂಕ ಹಾಕಿಸಿಕೊಳ್ಳಿ.